ಗದ್ದ ಎತ್ತಿದ ಮನೆತನ

ದಾಂಡೇಲಿಯ ಅಂಬೇವಾಡಿಯಲ್ಲಿ ಮಹಾಂತಪ್ಪನ ಹಾಗೆ ಗದ್ದ ಎತ್ತಿ ನಡೆಯುವ ಗಂಡಸು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅವನು ಬೀದಿಗಿಳಿದರೆ ಹಳಿಯಾಳದ ಬಸ್ಸು ಹಾರ್ನ್ ಹೊಡೆಯುವುದನ್ನೇ ಮರೆತು ನಿಲ್ಲುತ್ತಿತ್ತು. ಕಾಳಿ ನದಿಯ ದಂಡೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದ ಮೊಸಳೆಗಳು ಇವನನ್ನು ಕಂಡು, ಯಾರೋ ದೊಡ್ಡ ಸಾಹೇಬರು ತಪಾಸಣೆಗೆ ಬಂದರೆಂದು ಸಾಲಾಗಿ ನೀರಿಗಿಳಿದು ದಾರಿ ಬಿಡುತ್ತಿದ್ದವು. ಸುಳ್ಳೆನ್ನುವವರು ಮೊಸಳೆಗಳನ್ನೇ ಕೇಳಬಹುದು.

ಅವನು ಗದ್ದ ಎತ್ತುತ್ತಿದ್ದುದು ಸೊಕ್ಕಿನಿಂದಲ್ಲ. ಅವನ ಎಡಗಣ್ಣಿನ ಮೇಲಿನ ರೆಪ್ಪೆ ಹುಟ್ಟಿನಿಂದಲೇ ಜೋತುಬಿದ್ದಿತ್ತು, ಅರ್ಧ ಎಳೆದ ಅಂಗಡಿ ಶಟರಿನ ಹಾಗೆ. ರೆಪ್ಪೆಯ ಕೆಳಗಿನ ಸಂದಿಯಿಂದ ನೋಡಲು ಚಿಕ್ಕಂದಿನಿಂದ ತಲೆಯನ್ನು ಹಿಂದಕ್ಕೆ ವಾಲಿಸಿ ವಾಲಿಸಿ ಅದೇ ಅಭ್ಯಾಸವಾಗಿತ್ತು. ಅವನ ಅವ್ವನಿಗೂ ಹಾಗೇ ಇತ್ತು, ಅವ್ವನ ಅಪ್ಪನಿಗೂ ಹಾಗೇ ಇತ್ತು. ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆಂದು ಬರುವಾಗ ಅವನು ಟ್ರಂಕು, ಹಾಸಿಗೆಯ ಜೊತೆಗೆ ಈ ಅರ್ಧಗಣ್ಣನ್ನೂ ತಂದಿದ್ದ, ಆಸ್ತಿಯೆಂಬಂತೆ.

"ನಮ್ಮ ಮನೆತನದವರು ಯಾರ ಮುಂದೂ ತಲಿ ಬಗ್ಗಿಸಂಗಿಲ್ಲ. ದೇವರು ಕಣ್ಣಿನ್ಯಾಗ ಬರದ ಕಳಿಸ್ಯಾನ," ಎಂದು ಅವನು ಚಹಾದಂಗಡಿಯಲ್ಲಿ ಹೇಳಿದರೆ ಚಹಾ ತಾನಾಗಿ ಇನ್ನೊಮ್ಮೆ ಕುದಿಯುತ್ತಿತ್ತು.

ಮಿಲ್ಲಿನಲ್ಲಿ ಅವನದು ಹಾಳೆ ಆರಿಸುವ ಕೆಲಸ. ಬೆಳಕಿಗೆ ಹಾಳೆ ಹಿಡಿದು ಕಲೆ ಇದ್ದದ್ದನ್ನು ಬೇರೆ ತೆಗೆಯಬೇಕು. ಸೊಳ್ಳೆಯ ಮೊಣಕಾಲಿನಷ್ಟು ಕಲೆ ಇದ್ದರೂ ಮಹಾಂತಪ್ಪನ ಕೈಯಿಂದ ಅದು ಪಾರಾಗುತ್ತಿರಲಿಲ್ಲ. ನಿವೃತ್ತನಾದ ದಿನ ಮಿಲ್ಲಿನ ಸೈರನ್ನು ಅತ್ತಿತೆಂದು ಅವನು ಈಗಲೂ ಹೇಳುತ್ತಾನೆ. ಸೈರನ್ನು ದಿನಾ ಹಾಗೇ ಕೂಗುತ್ತದೆಂದು ಹೆಂಡತಿ ಮಾಲವ್ವ ಒಮ್ಮೆ ಹೇಳಿ, ಮೂರು ದಿನ ಗಂಡನ ಮಾತಿಲ್ಲದೆ ಕಳೆದಿದ್ದಳು.

ಮಗಳು ರೂಪಾಲಿ ಹುಟ್ಟಿದಾಗ ಅವಳ ಎಡರೆಪ್ಪೆಯೂ ಇಳಿದೇ ಇತ್ತು. ಮಹಾಂತಪ್ಪ ಓಣಿಗೆಲ್ಲ ಪೇಡೆ ಹಂಚಿದ. ಸಾಲೆಗೆ ಹೋಗುವ ವಯಸ್ಸಿನಲ್ಲಿ ಅವಳೊಮ್ಮೆ ಆಟದ ನಡುವೆ ಬಂದು ಕೇಳಿದ್ದಳು: "ಅಪ್ಪಾ, ಈ ಕಣ್ಣಿನ್ಯಾಗ ನೋಡಿದ್ರ ಮಂಜು ಕಾಣತೈತಿ. ಯಾಕ?"

ಮಹಾಂತಪ್ಪನ ಬಳಿ ಎಲ್ಲದಕ್ಕೂ ಉತ್ತರವಿತ್ತು. "ಹುಚ್ಚಿ, ಎಡಗೈ ಬಲಗೈಯಷ್ಟು ಗಟ್ಟಿ ಇರತೈತೇನು? ಎಡಗಣ್ಣೂ ಹಂಗ. ನನಗೂ ಹಂಗ ಐತಿ. ಎಲ್ಲಾರಿಗೂ ಹಂಗ ಇರತೈತಿ. ಹೋಗು, ಆಡು."

ಅಪ್ಪ ಹೇಳಿದ ಮೇಲೆ ಮುಗಿಯಿತು. ಹುಡುಗಿ ಆಡಲು ಹೋದಳು.

ಮದುವೆಯ ಮಾತು ಬಂದಾಗ ಮಾತ್ರ ಮಹಾಂತಪ್ಪನಿಗೆ ಆ ಆಸ್ತಿ ತುಸು ಭಾರವೆನಿಸಿತು. ಗಂಡಿನ ಕಡೆಯವರು ಫೋಟೋ ನೋಡಿ, "ಹುಡುಗಿಗೆ ನಿದ್ದಿ ಬಂದೈತೇನ್ರಿ?" ಎಂದು ಕೇಳಿದ್ದರು. ಮೂಗು ಚುಚ್ಚಿಸುವ ಹಾಗೆ, ಸರ ಮಾಡಿಸುವ ಹಾಗೆ, ಲಗ್ನದ ಮುಂದೆ ರೆಪ್ಪೆಯನ್ನೂ ಎತ್ತಿಸಿದರಾಯಿತು ಎಂದುಕೊಂಡು ಅವನು ಮಗಳನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಆಪರೇಷನ್ ಚೆನ್ನಾಗಿಯೇ ಆಯಿತು. ಮದುವೆಯ ಫೋಟೋದಲ್ಲಿ ರೂಪಾಲಿಯ ಎರಡೂ ಕಣ್ಣು ಎಷ್ಟು ಅರಳಿದ್ದವೆಂದರೆ, ಫೋಟೋಗ್ರಾಫರ್ ಫ್ಲ್ಯಾಶ್ ಹಾಕದೆಯೇ ಕೆಲಸ ಮುಗಿಸಿದ. ಅವಳು ಹಳಿಯಾಳದ ಆಟೋ ಡ್ರೈವರ್ ಅಜಯನ ಮನೆ ತುಂಬಿದಳು.

ಈಗ ರೂಪಾಲಿ ತವರಿಗೆ ಬಂದಿದ್ದಾಳೆ. ಜೊತೆಗೆ ಮಗಳು ಸಹನಾ, ಇನ್ನೂ ನಾಲ್ಕು ತುಂಬಿಲ್ಲ. ಅಂಗಳದಲ್ಲಿ ಕೋಳಿಯ ಹಿಂದೆ ಓಡುವ ಆ ಕೂಸು ಆಕಾಶ ನೋಡುತ್ತ ಓಡುತ್ತದೆ, ಗದ್ದ ಅಷ್ಟು ಮೇಲೆ. ಅದರ ಎಡರೆಪ್ಪೆ ಅಜ್ಜನದಕ್ಕಿಂತ ಕೆಳಗಿದೆ. ಕರಿಗುಡ್ಡೆಯ ನಡುಭಾಗವೇ ಮುಚ್ಚಿಹೋಗಿದೆ.

"ನೋಡ ನೋಡ, ನನ್ನ ಮೊಮ್ಮಗಳು! ಹುಲಿ ಬಂದ್ರೂ ತಲಿ ಬಗ್ಗಸಂಗಿಲ್ಲ," ಎಂದ ಮಹಾಂತಪ್ಪ ಕಟ್ಟೆಯ ಮೇಲೆ ಕೂತು.

ಪಕ್ಕದ ಮನೆಯ ಅಮೀನಾಬಿ ತನ್ನ ಬಾಗಿಲಲ್ಲಿ ಕೂತು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಅವಳ ಗಂಡ ಮಜೀದ ಗ್ಯಾರೇಜಿನವನು. ಒಮ್ಮೆ ಅವನ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತು. ಅವನ ಜೊತೆ ಓಡಾಡಿ ಓಡಾಡಿ ಕಣ್ಣಿನ ಆಸ್ಪತ್ರೆಯ ಬೆಂಚು ತನಗೆ ತವರುಮನೆಯಾಗಿದೆ ಎಂದು ಅಮೀನಾಬಿಯೇ ಹೇಳುತ್ತಿದ್ದಳು.

"ಹುಲಿ ಆಮ್ಯಾಲ ಬರ್ಲಿ, ಮಾಂತಪ್ಪಣ್ಣ. ಮೊದಲ ಆ ಕೂಸು ಮೆಟ್ಟಲಾ ಎಡವೂದು ನೋಡ್ರಿ," ಎಂದಳು ಅಮೀನಾಬಿ. "ಮುಂಜಾನಿಂದ ಎರಡ ಸರ್ತಿ ಬಿತ್ತು."

"ಮಕ್ಕಳು ಬೀಳ್ತಾವ, ಏಳ್ತಾವ."

ಒಳಗಿನಿಂದ ರೂಪಾಲಿ ಬಂದು ಕಂಬಕ್ಕೊರಗಿ ನಿಂತಳು. ಊರಿಂದ ಬರುವಾಗಲೇ ಕಟ್ಟಿಕೊಂಡು ಬಂದ ಮಾತನ್ನು ಈಗ ಬಿಚ್ಚಿದಳು. "ಅಪ್ಪಾ, ಅಂಗನವಾಡಿಗೆ ತಪಾಸಣಿಗೆ ಡಾಕ್ಟರ್ ಬಂದಿದ್ರು. ಸಹನಾನ್ನ ನೋಡಿ, ತಡಾ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ, ರೆಪ್ಪಿ ಎತ್ತಬೇಕಾಗತೈತಿ ಅಂದ್ರು. ಇವರಿಗೆ ಅಂಜಿಕಿ. ಅಷ್ಟು ಸಣ್ಣ ಕೂಸಿಗೆ ಮಂಪರ ಕೊಡತಾರಲ್ಲ ಅಂತ. ಮಾವಾರನ್ನ ಕೇಳು, ಅವರು ಹ್ಞೂಂ ಅಂದ್ರ ಹೋಗೂಣು ಅಂದಾರ."

ಮಹಾಂತಪ್ಪನ ಎದೆ ಹಿಗ್ಗಿತು. ಅಳಿಯನಾದವನು ಮಾವನ ಮಾತಿಗೆ ಕಾಯುತ್ತಿದ್ದಾನೆ! ಅವನು ಗದ್ದವನ್ನು ಇನ್ನಷ್ಟು ಎತ್ತಿದ. ಇನ್ನು ಸ್ವಲ್ಪ ಎತ್ತಿದ್ದರೆ ಹಿಂದಕ್ಕೆ ಬೀಳುತ್ತಿದ್ದ.

"ನಾ ಹ್ಞೂಂ ಅನ್ನಂಗಿಲ್ಲ," ಎಂದ. "ರೆಪ್ಪಿ ಆಪರೇಷನ್ ಅಂದ್ರ ಏನು? ಶೃಂಗಾರ. ನಾಕ ವರ್ಷದ ಕೂಸಿಗೆ ಎಂಥಾ ಶೃಂಗಾರ ಬೇ? ಲಗ್ನದ ವ್ಯಾಳ್ಯಾಕ್ಕ ಮಾಡಸೂಣು. ನಿನಗ ಮಾಡಿಸಿಲ್ಲೇನು? ಚಂದ ಆಗಿಲ್ಲೇನು?"

ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಮಾಲವ್ವನ ಕೈ ಮೊರದಲ್ಲಿ ನಿಂತಿತು. ಅವ್ವ ಮಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸೊಳ್ಳೆಯ ಮೊಣಕಾಲು ಕಾಣುವ ಮಹಾಂತಪ್ಪನಿಗೆ ಅದು ಕಾಣಲಿಲ್ಲ.

"ಚಂದದ ಮಾತಲ್ಲಣ್ಣ ಇದು," ಎಂದಳು ಅಮೀನಾಬಿ ಸೂಜಿ ಕೆಳಗಿಟ್ಟು. "ಮಕ್ಕಳ ಕಣ್ಣು ನೋಡಿ ನೋಡಿನ ನೋಡೂದು ಕಲೀತಾವ. ರೆಪ್ಪಿ ಮುಚ್ಚಿಕೊಂಡ್ರ ಆ ಕಣ್ಣಿಗೆ ಕಲಿಯಾಕ ಆಗಂಗಿಲ್ಲ. ಮಿದುಳು ಅದನ್ನ ಕೈ ಬಿಡತೈತಿ. ಆಮ್ಯಾಲ ಪರದೆ ಎತ್ತಿದ್ರೇನು, ಒಳಗ ಯಾರಿರತಾರ?"

"ಇಕಿ ಡಾಕ್ಟರ್ ಆದ್ಲು ನೋಡು! ಮಜೀದನ ಕಣ್ಣಿಗೆ ಚೂರು ಬಿತ್ತು, ಪದವಿ ಇಕಿಗೆ ಬಂತು."

"ಪದವಿ ನಿಮಗ ಇರ್ಲಿ. ಒಂದ ಕೆಲಸ ಮಾಡ್ರಿ. ಕೂಸಿನ ಚೊಲೋ ಕಣ್ಣಿಗೆ ಕೈ ಅಡ್ಡ ಹಿಡೀರಿ. ಇನ್ನೊಂದು ಕಣ್ಣಿಗೆ ಕಾಣತಿದ್ರ ಅದು ಸುಮ್ಮನ ಇರತೈತಿ. ಇಲ್ಲಂದ್ರ ನಿಮ್ಮ ಕೈ ಕಿತ್ತಿ ಒಗೀತೈತಿ."

ಮಹಾಂತಪ್ಪ ಸೋಲುವ ಜಾತಿಯವನಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳ ಮುಂದೆ ಬೆಲ್ಲದ ಚೂರು ಹಿಡಿದು, ಬಲಗಣ್ಣಿಗೆ ಅಂಗೈ ಅಡ್ಡ ಇಟ್ಟ. ಬೆಲ್ಲಕ್ಕೆ ನಗುತ್ತಿದ್ದ ಕೂಸು ಒಮ್ಮೆಲೆ ಚೀರಿತು. ತಲೆ ಕೊಡವಿತು, ಗದ್ದ ಎತ್ತಿತು, ಎರಡೂ ಕೈಯಿಂದ ಅಜ್ಜನ ಕೈಯನ್ನು ಪರಚಿ ಸರಿಸಿತು. ನಂತರವೇ ಬೆಲ್ಲ ಅದರ ಕೈಗೆ ಸಿಕ್ಕಿತು.

ಮಹಾಂತಪ್ಪನ ಮುಖ ಮಾತ್ರ ಇನ್ನೂ ಸೋತಿರಲಿಲ್ಲ.

"ರೆಪ್ಪಿ ಕೆಳಗೈತಿ, ಅದಕ್ಕ ಕಾಣವಲ್ದು. ಎತ್ತಿಸಿದ ಮ್ಯಾಲ ಕಾಣತೈತಿ. ನಂಬಂಗಿಲ್ಲಾ? ರೂಪಾ, ಬಾ ಇಲ್ಲೆ. ನಿನ್ನ ಬಲಗಣ್ಣು ಮುಚ್ಚಿಕೋ. ಈ ಅಮೀನಾಬಿಗೆ ತೋರಸೂಣು." ಅವನು ಕಟ್ಟೆಯ ಮೇಲಿದ್ದ ಬಿಳಿ ಹಾಳೆಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದ. ಅದರ ಮೇಲೆ ಮೊಮ್ಮಗಳು ಕರಿ ಬಣ್ಣದ ಕಡ್ಡಿಯಿಂದ ಗೀಚಿದ ಕೋಳಿ ಇತ್ತು, ಅಂಗೈಯಷ್ಟು ದೊಡ್ಡದು. "ಹೇಳವ್ವಾ, ಏನೈತಿ ಇದರ ಮ್ಯಾಲ?"

ರೂಪಾಲಿ ಬಲಗಣ್ಣು ಮುಚ್ಚಿಕೊಂಡಳು. ಅರಳಿದ, ಚಂದದ ಎಡಗಣ್ಣಿನಿಂದ ಅಪ್ಪನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೇಳ, ಚ್ಯಾಷ್ಟಿ ಮಾಡಬ್ಯಾಡ," ಎಂದು ಮಹಾಂತಪ್ಪ ನಕ್ಕ.

"ಅಪ್ಪಾ," ಎಂದಳು ಅವಳು, "ನೀ ಹಾಳಿ ಹಿಡದೀಯೋ ಕೈ ಹಿಡದೀಯೋ, ನನಗ ಗೊತ್ತಾಗವಲ್ದು."

ಮಹಾಂತಪ್ಪನ ನಗು ಮುಖದ ಮೇಲೆಯೇ ಉಳಿಯಿತು, ಇಳಿಯುವುದು ಹೇಗೆಂದು ಅದಕ್ಕೆ ತಿಳಿಯಲಿಲ್ಲ.

"ಹಂಗಂದ್ರ?"

"ಹಂಗಂದ್ರ ಹಂಗ, ಅಪ್ಪಾ. ಮಂಜು. ಮೊದಲಿಂದೂ ಮಂಜು. ಆಪರೇಷನ್ ಮುಂದ ಡಾಕ್ಟರ್ ಹೇಳಿದ್ರು. ರೆಪ್ಪಿ ಏಳತೈತಿ, ಚಂದ ಕಾಣತೈತಿ, ಆದ್ರ ನೋಟ ಬರಂಗಿಲ್ಲ. ಸಣ್ಣಾಕಿ ಇದ್ದಾಗ ಬಂದಿದ್ರ ಉಳಸಬಹುದಾಗಿತ್ತು ಅಂದ್ರು."

"ನಾನೂ ಬಂದಿದ್ದೆ. ನನಗ ಯಾರೂ ಹೇಳಲಿಲ್ಲ!"

ಮಾಲವ್ವ ಮೊರವನ್ನು ಪಕ್ಕಕ್ಕಿಟ್ಟಳು. "ನೀವು ಹೊರಗ ನಿಂತಿದ್ರಿ. ಬಂದ ಪೇಷಂಟಿಗೆಲ್ಲ ಮೊಸಳಿ ಕಥಿ ಹೇಳಾಕತ್ತಿದ್ರಿ. ನಾ ಎದ್ದು ಕರಿಯಾಕ ಬಂದ್ರ ಇಕಿ ನನ್ನ ಸೆರಗ ಹಿಡದ್ಲು. ಬ್ಯಾಡವ್ವಾ, ಅಪ್ಪಗ ಹೇಳಬ್ಯಾಡ ಅಂದ್ಲು."

"ಯಾಕವ್ವಾ?"

ರೂಪಾಲಿ ಕೆಳಗೆ ನೋಡುತ್ತ ಹೇಳಿದಳು. "ನೀ ಎಷ್ಟು ಖುಷಿಲೆ ಇದ್ದಿ. ಇವರಿಗೆ ಲಗ್ನಕ್ಕ ಮೊದಲ ಹೇಳೇನಿ, ಅವರಿಗೆ ಗೊತ್ತೈತಿ. ನಿನಗೊಬ್ಬಗ ಹೇಳಿರಲಿಲ್ಲ. ನನ್ನ ಕಣ್ಣಂತೂ ಹೋತು, ಇನ್ನ ನಿನ್ನ ಗದ್ದ ಯಾಕ ಇಳಸಬೇಕು ಅಂತ ಸುಮ್ಮನಿದ್ದೆ. ಇವತ್ತೂ ಸುಮ್ಮನಿರತಿದ್ದೆ, ಅಪ್ಪಾ. ಆದ್ರ ಇದು ನನ್ನ ಮಗಳ ಕಣ್ಣು."

ಸಹನಾ ಬೆಲ್ಲ ಚೀಪುತ್ತ ಅಜ್ಜನ ತೊಡೆಯಿಂದ ಇಳಿದು ಹೋಯಿತು.

ಮಹಾಂತಪ್ಪ ಎದ್ದು ಹಿತ್ತಲಿಗೆ ನಡೆದ. ಕೈಯಲ್ಲಿ ಇನ್ನೂ ಆ ಹಾಳೆಯಿತ್ತು. ನೀರಿನ ತೊಟ್ಟಿಯ ಬಳಿ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡರೆಪ್ಪೆಯನ್ನು ಬೆರಳಿನಿಂದ ಮೇಲೆತ್ತಿದ. ಇನ್ನೊಂದು ಕೈಯಿಂದ, ಹಾಳೆಯ ಸಮೇತ, ಬಲಗಣ್ಣು ಮುಚ್ಚಿದ. ಎದುರಿಗಿದ್ದ ಪೇರಲ ಗಿಡ ಕರಗಿ ಹೋಯಿತು. ತೊಟ್ಟಿ ಇಲ್ಲ, ಗೋಡೆ ಇಲ್ಲ, ಒಣಗಲು ಹಾಕಿದ ಸೀರೆ ಇಲ್ಲ. ಸುಣ್ಣದ ನೀರಿನೊಳಗೆ ಕಣ್ಣು ಬಿಟ್ಟಂತೆ ಬರೀ ಬೆಳ್ಳಗೆ.

ಅವನಿಗಿದು ಹೊಸದಲ್ಲ. ಜೀವಮಾನವಿಡೀ ಹೀಗೇ ಇತ್ತು. ಎಲ್ಲರಿಗೂ ಎಡಗಣ್ಣು ಹೀಗೇ ಇರುತ್ತದೆಂದು ಅವನು ನಂಬಿದ್ದ. ಅದನ್ನೇ ಮಗಳಿಗೂ ನಂಬಿಸಿದ್ದ. ಮಿಲ್ಲಿನ ಲಕ್ಷ ಹಾಳೆಗಳಲ್ಲಿ ಕಲೆ ಹಿಡಿದವನು, ಕೇಳುತ್ತ ಬಂದು ನಿಂತ ಹುಡುಗಿಗೆ "ಹೋಗು, ಆಡು" ಎಂದಿದ್ದ.

ರೂಪಾಲಿ ಹಿಂದಿನಿಂದ ಬಂದಳು. ಅಪ್ಪ ನಿಂತ ರೀತಿ ನೋಡಿಯೇ ಅವಳಿಗೆ ತಿಳಿಯಿತು.

"ಅಪ್ಪಾ, ನಿನಗೂ?"

ಅವನು ತಲೆಯಾಡಿಸಿದ.

"ಒಂದ ಕಣ್ಣಿನ್ಯಾಗ ಅಷ್ಟೂ ಹಾಳಿ ಆರಿಸಿದಿ?"

"ಎಲ್ಲಾರಿಗೂ ಹಿಂಗ ಇರತೈತಿ ಅಂತ ತಿಳಕೊಂಡಿದ್ನೆವ್ವಾ..." ಎಂದ ಮಹಾಂತಪ್ಪ. ಈ ಸಲ ಅವನ ಮಾತಿಗೆ ಮೊಸಳೆ ಬರಲಿಲ್ಲ, ಸೈರನ್ನು ಬರಲಿಲ್ಲ. ಅಂಬೇವಾಡಿಯ ಆ ಗದ್ದ ಎದೆಗೆ ಬಂದು ತಾಗಿತು. ಅಪ್ಪನ ನೆತ್ತಿಯನ್ನು ರೂಪಾಲಿ ಅವತ್ತೇ ಮೊದಲು ಕಂಡದ್ದು. ಅಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನು ಫೋನು ತೆಗೆದುಕೊಂಡು ಅಳಿಯನಿಗೆ ಹಚ್ಚಿದ. "ಅಜಯಪ್ಪಾ, ನಾಳೆ ಆಟೋ ತೆಗೀಬ್ಯಾಡ. ಹುಬ್ಬಳ್ಳಿಗೆ ಹೋಗೂಣು. ಹ್ಞೂಂ, ನಾನೂ ಬರ್ತೇನಿ. ಈ ಸರ್ತಿ ಒಳಗ ಕುಂದ್ರತೇನಿ."

ಮರುದಿನ ಹುಬ್ಬಳ್ಳಿಯಲ್ಲಿ ಹಾಗೆಯೇ ಒಳಗೆ ಕೂತ. ಡಾಕ್ಟರಮ್ಮ ಸಹನಾಳ ಕಣ್ಣು ಪರೀಕ್ಷಿಸಿ ಹೇಳಿದ ಒಂದೊಂದು ಮಾತನ್ನೂ ಉಸಿರು ಬಿಗಿಹಿಡಿದು ಕೇಳಿದ. ರೆಪ್ಪೆ ಎತ್ತುವ ಸ್ನಾಯುವಿಗೆ ಹುಟ್ಟಿನಿಂದಲೇ ಬಲವಿಲ್ಲ. ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ಒಳಗಿಂದೊಳಗೆ ಜೋಡಿಸಿದರೆ, ಹುಬ್ಬು ಎತ್ತಿದಾಗ ರೆಪ್ಪೆಯೂ ಏಳುತ್ತದೆ. ಅರಿವಳಿಕೆಯ ಮಂಪರು ಕೊಡಲು ಅದಕ್ಕೆಂದೇ ಬೇರೆ ಡಾಕ್ಟರ್ ಇರುತ್ತಾರೆ, ಮೊದಲೇ ಕೂಸನ್ನು ಪೂರ್ತಿ ತಪಾಸಿಸುತ್ತಾರೆ. ಆಪರೇಷನ್ ಆದ ಮೇಲೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚದೇ ಇರಬಹುದು. ಅದಕ್ಕೆ ಹೇಳಿದಷ್ಟು ದಿನ ಮುಲಾಮು, ಹನಿ ಬಿಡಬೇಕು.

"ಆಪರೇಷನ್ ಅರ್ಧ ಕೆಲಸ ಅಷ್ಟೇ," ಎಂದರು ಡಾಕ್ಟರಮ್ಮ. "ಆ ಕಣ್ಣು ಈಗಾಗಲೇ ಸೋಮಾರಿಯಾಗಿದೆ. ಚಷ್ಮಾ ಹಾಕಬೇಕು. ಚೆನ್ನಾಗಿರುವ ಕಣ್ಣಿಗೆ ದಿನಾ ನಾವು ಹೇಳಿದಷ್ಟು ಹೊತ್ತು ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ಕೆಲಸ ಕೊಡಬೇಕು. ವಯಸ್ಸು ಚಿಕ್ಕದು, ಕಣ್ಣು ಕಲಿಯುತ್ತದೆ. ಬಿಡದೆ ಮಾಡಬೇಕು."

ಮಹಾಂತಪ್ಪ ಕೈ ಜೋಡಿಸಿ ಕೇಳಿದ. "ಡಾಕ್ಟರ್ ಬಾಯಾರ, ಈ ಪಟ್ಟಿ ನನ್ನ ಮಗಳಿಗೆ ಅಂಟಿಸಿದ್ರ?"

ಡಾಕ್ಟರಮ್ಮ ರೂಪಾಲಿಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ, ಆ ಕಾಲ ದಾಟಿಹೋಗಿದೆ ಎಂದರು. ರೂಪಾಲಿಯೇ ಅಪ್ಪನ ತೋಳು ಹಿಡಿದು ಎಬ್ಬಿಸಿದಳು.

ಆಪರೇಷನ್ ಆಯಿತು. ಊತ ಇಳಿಯಿತು. ರೆಪ್ಪೆ ಎದ್ದಿತು. ರೂಪಾಲಿ ಮಗಳೊಂದಿಗೆ ತವರಿನಲ್ಲೇ ಉಳಿದಳು. ನಿಜವಾದ ಯುದ್ಧ ಶುರುವಾದದ್ದು ಆಗ, ಪಟ್ಟಿಯ ಯುದ್ಧ. ಅಂಥ ಯುದ್ಧವನ್ನು ದಾಂಡೇಲಿ ಕಂಡಿಲ್ಲ. ಸಹನಾ ಪಟ್ಟಿಯನ್ನು ಕಿತ್ತು ಕೋಳಿಗೆ ಅಂಟಿಸಿತು, ಅಮೀನಾಬಿಯ ಹೊಲಿಗೆ ಯಂತ್ರಕ್ಕೆ ಅಂಟಿಸಿತು, ನೋಡಲು ಬಂದು ಮಲಗಿದ್ದ ಅಜಯನ ಮೂಗಿಗೂ ಅಂಟಿಸಿತು. ಅಂಟಿಸಿದರೆ ಅಳು, ಬಿಟ್ಟರೆ ಓಟ. ಕೊನೆಗೆ ಒಂದು ದಿನ ಮಹಾಂತಪ್ಪ ತನ್ನ ಬಲಗಣ್ಣಿಗೆ ತಾನೇ ಕರ್ಚೀಪು ಕಟ್ಟಿಕೊಂಡು ಅಂಗಳದಲ್ಲಿ ನಿಂತ.

"ಬಾ, ನಾವಿಬ್ಬರೂ ಒಂಟಿಗಣ್ಣಿನ ಕಳ್ಳರು. ನೀ ಬಿಚ್ಚಿದ್ರ ನಾನೂ ಬಿಚ್ಚತೇನಿ. ನೀ ಇಟ್ಕೊಂಡ್ರ ನಾನೂ ಇಟ್ಕೋತೇನಿ."

ಆಟ ಮೆಚ್ಚಿಕೆಯಾಯಿತು. ಪಟ್ಟಿ ಉಳಿಯಿತು. ಆದರೆ ಮಹಾಂತಪ್ಪನಿಗೆ ಅಂಗಳವೇ ಕಾಣದಾಯಿತು. ಮೊದಲ ದಿನ ಬಕೆಟ್ಟು ಒದ್ದ. ಎರಡನೆಯ ದಿನ ಅಮೀನಾಬಿಯ ಬಾಗಿಲನ್ನು ತನ್ನದೆಂದು ತಿಳಿದು ಒಳಗೆ ಹೋಗಿ, "ಮಾಲೀ, ಚಹಾ ಇಡು," ಎಂದ.

"ಇಡ್ತೇನಿ, ಬರ್ರಿ ಕುಂದರ್ರಿ," ಎಂದಳು ಅಮೀನಾಬಿ. ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಿನಕ್ಕೊಂದು ಹಾಳೆ. ಮಹಾಂತಪ್ಪ ಹಾಳೆಯ ಮೇಲೆ ಮಾಲವ್ವನಿಂದ ಕಪ್ಪು ಬೊಟ್ಟು ಇಡಿಸುತ್ತಿದ್ದ. ಮೊದಲು ತಟ್ಟೆಯಷ್ಟು, ಆಮೇಲೆ ರೂಪಾಯಿಯಷ್ಟು. ಪಟ್ಟಿ ಅಂಟಿಸಿದ ಕೂಸು ಹಾಳೆಯನ್ನು ಮೂಗಿಗೆ ತಾಗಿಸಿ ಹುಡುಕುತ್ತಿತ್ತು, ಸಿಗದೆ ಅಳುತ್ತಿತ್ತು. ಅಜ್ಜ ಎತ್ತಿಕೊಳ್ಳುತ್ತಿದ್ದ, ಮತ್ತೆ ಹಿಡಿಯುತ್ತಿದ್ದ. ಮಳೆಗಾಲ ಬಂತು, ಹೋಯಿತು. ಬೊಟ್ಟು ಹೆಸರುಕಾಳಿನಷ್ಟಾಯಿತು.

ಒಂದು ಮುಂಜಾನೆ ಮಾಲವ್ವ ಸಾಸಿವೆಯಷ್ಟು ಬೊಟ್ಟು ಇಟ್ಟುಕೊಟ್ಟಳು. ಕರ್ಚೀಪು ಕಟ್ಟಿದ ಮಹಾಂತಪ್ಪ ಬಿಸಿಲಿಗೆ ಹಾಳೆ ಹಿಡಿದ. ಅವನಿಗೆ ಹಾಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಬೆಳ್ಳಗೆ.

"ಎಲ್ಲೈತವ್ವಾ ಕಲೆ?"

ಪುಟ್ಟ ಬೆರಳೊಂದು ಬಂದು ಹಾಳೆಯನ್ನು ಟಪ್ಪೆಂದು ಮುಟ್ಟಿತು. "ಇಲ್ಲೈತಿ, ಅಜ್ಜಾ! ನಿನಗ ಕಾಣಂಗಿಲ್ಲೇನು?"

"ಇಲ್ಲವ್ವಾ," ಎಂದ ಮಹಾಂತಪ್ಪ. "ನನಗ ಕಾಣಂಗಿಲ್ಲ. ನೀ ನೋಡು."

ಸಹನಾ ಅಜ್ಜನ ಬೆರಳು ಹಿಡಿದು, ಬಕೆಟ್ಟಿನ ಪಕ್ಕದಿಂದ, ಮೆಟ್ಟಿಲು ತಪ್ಪಿಸಿ, ಕಟ್ಟೆಯವರೆಗೆ ಕರೆದುಕೊಂಡು ಹೋಯಿತು. ಅದರ ಗದ್ದ ಎಲ್ಲ ಮಕ್ಕಳ ಗದ್ದದ ಹಾಗೆ ನೆಟ್ಟಗಿತ್ತು.

ಬಾಗಿಲಲ್ಲಿ ನಿಂತಿದ್ದ ರೂಪಾಲಿ ತನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಮಗಳು ನಡೆಯುವುದನ್ನು ಆ ಎತ್ತಿದ, ಚಂದದ ಕಣ್ಣಿನಿಂದ ಒಮ್ಮೆ ನೋಡಬೇಕೆಂದು ಆಸೆಯಾಗಿತ್ತು. ಮಂಜಿನಲ್ಲಿ ಏನೋ ಅಲುಗಿದಂತಾಯಿತು, ಅಷ್ಟೇ. ಅವಳು ಕೈ ತೆಗೆದಳು.

ಅಕ್ಕಗಳಿರಾ, ಅಣ್ಣಗಳಿರಾ, ಈ ಕಥೆಯ ಮೊಸಳೆಗಳನ್ನು ನಂಬಬೇಡಿ. ಅವು ಹೇಳುತ್ತ ಹೇಳುತ್ತ ಬೆಳೆದವು. ಆದರೆ ರೂಪಾಲಿಯ ಕಣ್ಣಿನ ಮಂಜನ್ನು ನಾವು ಒಂದು ಎಳೆಯಷ್ಟೂ ಬೆಳೆಸಿ ಹೇಳಿಲ್ಲ. ನಿಮ್ಮ ಮನೆಯ ಕೂಸು ಗದ್ದ ಎತ್ತಿ ನೋಡುತ್ತಿದೆಯೇ? ಒಂದು ರೆಪ್ಪೆ ಜೋತುಬಿದ್ದಿದೆಯೇ? ಒಂದು ಕಣ್ಣು ಮುಚ್ಚಿದರೆ ಕಿರುಚುತ್ತದೆಯೇ? ಅದನ್ನು ಸೊಕ್ಕೆನ್ನಬೇಡಿ, ಮನೆತನದ ಗುರುತೆನ್ನಬೇಡಿ, ಲಗ್ನಕ್ಕೆ ನೋಡಿಕೊಳ್ಳೋಣ ಎನ್ನಬೇಡಿ. ಎಲ್ಲ ಮಕ್ಕಳಿಗೂ ಆಪರೇಷನ್ ಬೇಕಾಗುವುದಿಲ್ಲ. ಬೇಕೋ ಬೇಡವೋ, ಯಾವಾಗ ಬೇಕು ಎಂಬುದನ್ನು ಕಣ್ಣಿನ ಡಾಕ್ಟರ್ ಹೇಳಲಿ. ದೊಡ್ಡವರಿಗೇ ಆಗಲಿ, ಮಕ್ಕಳಿಗೇ ಆಗಲಿ, ಚೆನ್ನಾಗಿದ್ದ ರೆಪ್ಪೆ ಒಮ್ಮೆಲೆ ಜೋತುಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಾಲೂಕು ಆಸ್ಪತ್ರೆಯಲ್ಲಿ ಕೇಳಿ, ಅಂಗನವಾಡಿಗೆ ತಪಾಸಣೆ ಬಂದ ದಿನ ಕೂಸನ್ನು ತಪ್ಪದೆ ಕಳಿಸಿ.

ಮತ್ತೆ ಡಾಕ್ಟರ್ ಮಾತಾಡುವಾಗ, ದಯವಿಟ್ಟು, ಒಳಗೆ ಬಂದು ಕೂತುಕೊಳ್ಳಿ.